ಸೂಚ್ಯಂಕ ಇಳಿಯಿತು, ಅಂಗಡಿಯ ಲೆಕ್ಕ ಇಳಿಯಿತೇ?

2025ರ ಅಕ್ಟೋಬರ್ ತಿಂಗಳಲ್ಲಿ ದೇಶದ ಚಿಲ್ಲರೆ ಹಣದುಬ್ಬರ ಶೇ. 0.25ಕ್ಕೆ ಕುಸಿಯಿತು. 2012ನ್ನು ಆಧಾರ ವರ್ಷವಾಗಿ ಹೊಂದಿದ್ದ ಗ್ರಾಹಕ ಬೆಲೆ ಸೂಚ್ಯಂಕ ಸರಣಿಯಲ್ಲಿ ಇದೇ ಅತಿ ಕನಿಷ್ಠ ಪ್ರಮಾಣ. ಶಿಕಾರಿಪುರ, ಶಿರಾಳಕೊಪ್ಪ, ಸೊರಬ, ಆನವಟ್ಟಿಗಳ ವರ್ತಕರಿಗೆ ಈ ಅಂಕಿ ನಂಬಲರ್ಹವೆನಿಸದಿದ್ದರೆ ಆಶ್ಚರ್ಯವಿಲ್ಲ. ಅದೇ ತಿಂಗಳು ಕರ್ನಾಟಕದ ಪ್ರಮಾಣ ಶೇ. 2.34ರಷ್ಟಿದ್ದಿತು.

ಹಣದುಬ್ಬರವೆಂದರೆ ಬೆಲೆಯಲ್ಲ, ಹಿಂದಿನ ವರ್ಷದ ಅದೇ ತಿಂಗಳಿಗೆ ಹೋಲಿಸಿದಾಗ ಕಾಣುವ ಬೆಲೆಯ ಏರಿಕೆ. 2024ರ ಅಕ್ಟೋಬರ್‌ನಲ್ಲಿ ತರಕಾರಿ ಬೆಲೆ ಸುಮಾರು ಶೇ. 42ರಷ್ಟು ಏರಿದ್ದಿತು, ಮರುವರ್ಷ ಶೇ. 27ಕ್ಕೂ ಹೆಚ್ಚು ಇಳಿಯಿತು. 2023ರಲ್ಲಿ 100 ರೂ.ಗೆ ದೊರೆಯುತ್ತಿದ್ದ ತರಕಾರಿ ಮೊದಲು 142 ರೂ. ಆಗಿ, ಅನಂತರ 103 ರೂ.ಗೆ ಮರಳಿತೆಂದಷ್ಟೇ ಇದರ ಅರ್ಥ. ಸೂಚ್ಯಂಕದಲ್ಲಿ ಆಹಾರ ಮತ್ತು ಪಾನೀಯಗಳಿಗೆ ಶೇ. 45.86ರಷ್ಟು, ಗ್ರಾಮೀಣ ಸೂಚ್ಯಂಕದಲ್ಲಂತೂ ಶೇ. 54.18ರಷ್ಟು ತೂಕವಿದ್ದುದರಿಂದ ತರಕಾರಿಯ ಇಳಿಕೆಯೇ ಇಡೀ ಅಂಕಿಯನ್ನು ಕೆಳಕ್ಕೆಳೆಯಿತು.

ಅಂಗಡಿಯ ಖರ್ಚಿನ ಕಥೆ ಬೇರೆ. ಶಿಕಾರಿಪುರಕ್ಕಾಗಲಿ ಸೊರಬಕ್ಕಾಗಲಿ ಇನ್ನೂ ರೈಲು ಬಂದಿಲ್ಲ. ಬರುವ ಹೋಗುವ ಸರಕೆಲ್ಲವೂ ಲಾರಿಯ ಬಾಡಿಗೆಯನ್ನು ಹೊತ್ತೇ ಸಾಗಬೇಕು. ರಾಜ್ಯದಲ್ಲಿ 2025ರ ಜನವರಿಯಲ್ಲಿ ಬಸ್ ದರ ಶೇ. 15ರಷ್ಟು ಏರಿತು. ಏಪ್ರಿಲ್ 1ರಿಂದ ಡೀಸೆಲ್ ಮೇಲಿನ ಮಾರಾಟ ತೆರಿಗೆ ಏರಿ ಲೀಟರಿಗೆ ಸುಮಾರು 2 ರೂ., ನಂದಿನಿ ಹಾಲಿಗೆ ಲೀಟರಿಗೆ 4 ರೂ. ಹೆಚ್ಚಾಯಿತು. ಇವಾವುವೂ ತರಕಾರಿಯಂತೆ ಹಿಂದಕ್ಕೆ ಬರುವ ದರಗಳಲ್ಲ.

ಇನ್ನು ಗ್ರಾಹಕನ ಕೈಯಲ್ಲಿರುವ ಹಣದ ಮಾತು. ಈ ಸೀಮೆಯಲ್ಲಿ ಗ್ರಾಹಕನೇ ರೈತ. 2025-26ರ ಸಾಲಿಗೆ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂ. ಎಂದು ನಿಗದಿಯಾಗಿದ್ದರೂ ಸುಗ್ಗಿಯ ವೇಳೆಗೆ ರಾಜ್ಯದ ಮಾರುಕಟ್ಟೆಗಳಲ್ಲಿ ದರ 2,000 ರೂ.ಗಿಂತ ಕೆಳಗಿಳಿಯಿತು, ನೆರೆಯ ಹಾವೇರಿ ಜಿಲ್ಲೆಯಲ್ಲಿ ರೈತರು ಬೀದಿಗಿಳಿದರು. ನಗರದ ಸಂಬಳದಾರನಿಗೆ ಸಮಾಧಾನ ತಂದ ಅಗ್ಗದ ಬೆಲೆಯೇ ಇಲ್ಲಿ ಬಟ್ಟೆ, ಗೊಬ್ಬರ, ಕಬ್ಬಿಣದಂಗಡಿಗಳ ಉದ್ರಿ ಪುಸ್ತಕದಲ್ಲಿ ಬಾಕಿಯಾಗಿ ಕಾಣಿಸಿಕೊಳ್ಳುತ್ತದೆ. ಅಡಿಕೆಯ ವಿಚಾರವೂ ಹಾಗೆಯೇ. ಸೂಚ್ಯಂಕದಲ್ಲಿ ಎಲೆಯಡಿಕೆ, ತಂಬಾಕು, ಮದ್ಯ ಎಲ್ಲವೂ ಸೇರಿ ಇದ್ದ ತೂಕ ಕೇವಲ ಶೇ. 2.38, ಸೊರಬದ ಪೇಟೆಯಲ್ಲಿ ಅಡಿಕೆಯ ತೂಕವೆಷ್ಟೆಂಬುದನ್ನು ಹೇಳಬೇಕಾಗಿಲ್ಲ.

ದೂರದ ಬೆಲೆಗಳೂ ಇಲ್ಲಿಗೆ ತಲಪುತ್ತವೆ. 2022ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಹಣದುಬ್ಬರ ಶೇ. 11.1ಕ್ಕೆ ಏರಿದಾಗ ಭಾರತದ್ದು ಶೇ. 6.77ರಷ್ಟಿದ್ದಿತು. ಯುಕ್ರೇನ್ ಯುದ್ಧದಿಂದ ಅಲ್ಲಿ ಅನಿಲ, ವಿದ್ಯುತ್ ದುಬಾರಿಯಾದರೆ ಇಲ್ಲಿ ಸೂರ್ಯಕಾಂತಿ ಎಣ್ಣೆ ದುಬಾರಿಯಾಯಿತು.

ಹಣದುಬ್ಬರ ಇಳಿದುದರಿಂದ ಒಂದು ಲಾಭವಂತೂ ಇದೆ. ರಿಸರ್ವ್ ಬ್ಯಾಂಕ್ 2025ರ ಫೆಬ್ರವರಿಯಿಂದ ಡಿಸೆಂಬರ್‌ವರೆಗೆ ರೆಪೊ ದರವನ್ನು ಶೇ. 6.50ರಿಂದ ಶೇ. 5.25ಕ್ಕೆ ಇಳಿಸಿತು. ವಾಣಿಜ್ಯ ಬ್ಯಾಂಕುಗಳು 2019ರ ಅಕ್ಟೋಬರ್ 1ರ ನಂತರ ಕಿರು ಮತ್ತು ಸಣ್ಣ ಉದ್ದಿಮೆಗಳಿಗೆ ನೀಡಿದ ಬದಲಾಗುವ ಬಡ್ಡಿಯ ಹೊಸ ಸಾಲಗಳು ಇಂತಹ ಬಾಹ್ಯ ಮಾನದಂಡಕ್ಕೆ ಹೊಂದಿಕೊಂಡಿರಬೇಕು. ಹಳೆಯ ಸಾಲಪತ್ರವನ್ನೇ ಮುಂದುವರಿಸಿಕೊಂಡು ಬಂದಿರುವ ಗಿರಣಿ ಮಾಲೀಕರು ತಮ್ಮ ಬಡ್ಡಿ ಇಳಿದಿದೆಯೇ ಎಂಬುದನ್ನು ಬ್ಯಾಂಕಿನಲ್ಲಿ ವಿಚಾರಿಸುವುದು ಒಳಿತು. ಕಾರ್ಮಿಕರ ವ್ಯತ್ಯಸ್ತ ತುಟ್ಟಿಭತ್ಯೆಗೆ ಆಧಾರವಾಗಿ ಬಂದಿರುವುದು ಈ ಸೂಚ್ಯಂಕವಲ್ಲ, ಕೈಗಾರಿಕಾ ಕಾರ್ಮಿಕರ ಪ್ರತ್ಯೇಕ ಸೂಚ್ಯಂಕ. ಏಪ್ರಿಲ್‌ನ ಕೂಲಿಯನ್ನು ಪತ್ರಿಕೆಯ ಅಂಕಿಯಿಂದ ಅಂದಾಜು ಮಾಡುವಂತಿಲ್ಲ.