ಹಡಗಿನಲ್ಲಿ ರಾತ್ರಿಯೂಟ: ಗೊತ್ತಾದ ಪಂಕ್ತಿಯೋ, ಮನಬಂದ ಹೊತ್ತೋ?

ವಿಹಾರ ನೌಕೆಯಲ್ಲಿ ಸ್ಥಳ ಕಾದಿರಿಸುವಾಗ ಕೇಳಲಾಗುವ ಒಂದು ಪ್ರಶ್ನೆ ನಮ್ಮವರಿಗೆ ಕೊಂಚ ವಿಚಿತ್ರವಾಗಿ ತೋರುತ್ತದೆ: ರಾತ್ರಿಯ ಊಟಕ್ಕೆ ಗೊತ್ತುಪಡಿಸಿದ ಮೇಜು ಬೇಕೋ, ಇಷ್ಟ ಬಂದ ಹೊತ್ತಿಗೆ ಬರುವಿರೋ? ಕೋಣೆಗೆ ಕಿಟಕಿ ಇರಬೇಕೋ ಬೇಡವೋ ಎಂದು ವಾರಗಟ್ಟಲೆ ಚರ್ಚಿಸಿದ ಕುಟುಂಬವು ಇದಕ್ಕೆ ಅರೆಗಳಿಗೆಯಲ್ಲಿ ಉತ್ತರ ಬರೆದುಬಿಡುತ್ತದೆ. ಏಳು ರಾತ್ರಿಗಳ ಪ್ರಯಾಣದಲ್ಲಿ ಏಳು ಸಲ ಅನುಭವಿಸಬೇಕಾದ ಉತ್ತರವದು.

ಗೊತ್ತುಪಡಿಸಿದ ಪದ್ಧತಿಯೇ ಹಳೆಯದು. ಮದುವೆಮನೆಯ ಪಂಕ್ತಿಗಳನ್ನು ನೆನೆದರೆ ಅದರ ಮರ್ಮ ತಿಳಿಯುತ್ತದೆ. ಸಾವಿರಾರು ಮಂದಿಗೆ ಒಮ್ಮೆಗೇ ಕುರ್ಚಿ ಹಾಕುವಷ್ಟು ಜಾಗ ಭೋಜನಶಾಲೆಯಲ್ಲಿ ಇರುವುದಿಲ್ಲ. ಆದುದರಿಂದ ಒಂದು ಪಂಕ್ತಿ ಸಂಜೆ ಸುಮಾರು 6 ಗಂಟೆಗೆ, ಇನ್ನೊಂದು ರಾತ್ರಿ 8 ಅಥವಾ 8-30ಕ್ಕೆ. ಅದೇ ಮೇಜು, ಅದೇ ನೆರೆಯವರು, ಅದೇ ಬಡಿಸುವಾತ, ಕೊನೆಯ ರಾತ್ರಿಯವರೆಗೆ. ಈ ಕಟ್ಟಿನಿಂದ ಬಿಡುಗಡೆ ಮೊದಲು ದೊರೆತುದು ಸಿರಿವಂತರಿಗೆ. 1905ರಲ್ಲಿ ಜರ್ಮನಿಯ ‘ಅಮೇರಿಕಾ’ ಎಂಬ ಹಡಗಿನಲ್ಲಿ ರಿಟ್ಜ್ ಹೆಸರಿನ ಭೋಜನಗೃಹ ತೆರೆಯಿತು. ಬೇರೆ ಹಣ ತೆತ್ತವರು ಬೇಕಾದಾಗ ಬೇಕಾದುದನ್ನು ತರಿಸಿಕೊಳ್ಳಬಹುದಾಯಿತು. 1912ರ ‘ಟೈಟಾನಿಕ್’ನಲ್ಲಿಯೂ ಅಂತಹುದೊಂದು ಇದ್ದಿತು. ಸಾಮಾನ್ಯ ಪ್ರಯಾಣಿಕನ ಸರದಿ ಬಂದುದು ಬಹಳ ತಡವಾಗಿ. 2000ದಲ್ಲಿ ನಾರ್ವೇಜಿಯನ್ ಕ್ರೂಸ್ ಲೈನ್ ‘ಫ್ರೀಸ್ಟೈಲ್’ ಎಂಬ ಹೆಸರಿನಲ್ಲಿ ಗೊತ್ತಾದ ಹೊತ್ತನ್ನೂ ಮೇಜನ್ನೂ ಕೈಬಿಟ್ಟಿತು. ಆ ಬಳಿಕ ಹಲವು ಕಂಪೆನಿಗಳು ಎರಡು ಪದ್ಧತಿಗಳನ್ನೂ ಇಟ್ಟುಕೊಂಡು ಆಯ್ಕೆಯ ಭಾರವನ್ನು ನಮ್ಮ ಮೇಲೆ ಹೊರಿಸಿವೆ.

ಮನಬಂದ ಹೊತ್ತಿನ ಊಟವೆಂದರೆ ಕೇಳಲು ಸೊಗಸು. ಆದರೆ ಎಲ್ಲರ ಮನಸ್ಸೂ ಏಳು, ಏಳೂವರೆಗೇ ಬರುತ್ತದೆಂಬುದೇ ತೊಡಕು! ಆಗ ಬಾಗಿಲಲ್ಲಿ ಸಾಲು ನಿಲ್ಲಬೇಕು, ಇಲ್ಲವೇ ಮೊದಲೇ ಹೊತ್ತು ಕಾದಿರಿಸಬೇಕು. ಹಾಗೆ ಕಾದಿರಿಸಿದ ಮೇಲೆ ಅದೂ ಒಂದು ಪಂಕ್ತಿಯೇ ಅಲ್ಲವೇ?

ಸಸ್ಯಾಹಾರಿಗಳ ಪಾಡು ಬೇರೆ. ಸೂಪಿಗೆ ಕೋಳಿಯ ರಸ ಬೆರೆತಿದೆಯೇ, ಸಿಹಿತಿನಿಸಿನಲ್ಲಿ ಮೊಟ್ಟೆಯೋ ಜೆಲಟಿನ್ನೋ ಸೇರಿದೆಯೇ ಎಂದು ವಿಚಾರಿಸದೆ ಅವರು ಚಮಚ ಎತ್ತುವಂತಿಲ್ಲ. ದಿನವೂ ಹೊಸ ಮೇಜಾದರೆ ದಿನವೂ ಹೊಸಬನೊಬ್ಬನಿಗೆ ಇದೇ ಪುರಾಣ. ಗೊತ್ತಾದ ಮೇಜಿನವನಾದರೋ ಎರಡನೆಯ ರಾತ್ರಿಗೆಲ್ಲ ತಿಳಿದುಕೊಂಡಿರುತ್ತಾನೆ. ಅಜ್ಜಿಗೆ ಬಿಸಿನೀರನ್ನು ಕೇಳದೆಯೇ ತಂದಿಡುತ್ತಾನೆ. ಮೇಲ್ವಿಚಾರಕನಿಗೆ ಹೇಳಿದರೆ ಎಷ್ಟೋ ಹಡಗುಗಳಲ್ಲಿ ಮರುದಿನಕ್ಕೆ ಅನ್ನ, ಬೇಳೆ, ಪಲ್ಯದ ಏರ್ಪಾಡಾಗುವುದುಂಟು. ಸ್ಥಳ ಕಾದಿರಿಸುವಾಗಲೇ ಪಥ್ಯವನ್ನು ತಿಳಿಸಿಟ್ಟಿರುವುದು ಮಾತ್ರ ಅಗತ್ಯ.

ಮಗನನ್ನೋ ಮಗಳನ್ನೋ ನೋಡಲು ಅಮೆರಿಕಕ್ಕೆ ಹೋದ ನಮ್ಮ ಹಿರಿಯರು ಮಕ್ಕಳು ಮೊಮ್ಮಕ್ಕಳೊಡನೆ ಕೆರಿಬಿಯನ್ ಸಮುದ್ರಕ್ಕೆ ಹೊರಡುವುದು ಈಗ ಅಪೂರ್ವವಲ್ಲ. ಹಡಗು ಹತ್ತಿದೊಡನೆ ಮೊಮ್ಮಕ್ಕಳು ಈಜುಕೊಳಕ್ಕೆ, ಮಗ ವ್ಯಾಯಾಮಶಾಲೆಗೆ, ಸೊಸೆ ನಾಟಕಶಾಲೆಗೆ. ಹಗಲೆಲ್ಲ ಚದುರಿದವರು ರಾತ್ರಿಯ ಊಟಕ್ಕೂ ‘ಅವರವರಿಗೆ ಅನುಕೂಲವಾದಾಗ’ ಎಂದುಕೊಂಡರೆ, ವೃದ್ಧ ದಂಪತಿಗಳು ಮೇಲಂತಸ್ತಿನ ಬಫೆಯಲ್ಲಿ ತಟ್ಟೆ ಹಿಡಿದು ತಾವಿಬ್ಬರೇ ಕುಳಿತಿರುತ್ತಾರೆ. ಇಂತಹ ಕುಟುಂಬಕ್ಕೆ ಗೊತ್ತಾದ ಮೇಜೇ ಲೇಸೆಂದು ನನ್ನ ಅಭಿಪ್ರಾಯ. ಒಂಟಿಯಾಗಿ ಹೊರಟವರಿಗೂ ಆರೆಂಟು ಜನರ ಮೇಜು ಒಳ್ಳೆಯದು; ಮೂರನೆಯ ದಿನಕ್ಕೆ ಹೆಸರು ಹಿಡಿದು ಕರೆಯುವವರು ಸಿಗುತ್ತಾರೆ. ನೆರೆಯವನು ವಾಚಾಳಿಯಾದರೆ ಅದು ಅದೃಷ್ಟದ ಮಾತು.

ನವದಂಪತಿಗಳಿಗೆ ಈ ಕಟ್ಟು ಬೇಡ. ದಿನಕ್ಕೊಂದು ಬಂದರಿಗೆ ಇಳಿದು ಅಲೆಯುವವರಿಗೂ ಬೇಡ. ಸಂಜೆ ಐದಕ್ಕೆ ದಣಿದು ಮರಳಿ, ಆರಕ್ಕೆ ಉಡುಪು ಬದಲಿಸಿ ಕೂರುವುದು ಶಿಕ್ಷೆಯೇ ಸರಿ. ಅಲ್ಲದೆ ಆರು ಗಂಟೆ ನಮ್ಮಲ್ಲಿ ತಿಂಡಿಯ ಹೊತ್ತು. ಎರಡನೆಯ ಪಂಕ್ತಿಗೆ ಕಾದರೆ ಚಿಕ್ಕ ಮಕ್ಕಳು ಮೇಜಿನ ಮೇಲೆಯೇ ತೂಕಡಿಸುತ್ತಾರೆ. ಡಿಸ್ನಿಯವರು 1998ರಲ್ಲಿ ತಮ್ಮ ಮೊದಲ ಹಡಗಿನಿಂದಲೇ ಒಂದು ಮಧ್ಯಮಾರ್ಗ ಹಿಡಿದರು. ಅಲ್ಲಿ ಕುಟುಂಬವು ಮೂರು ಭೋಜನಶಾಲೆಗಳನ್ನು ಸರದಿಯಂತೆ ಸುತ್ತುತ್ತದೆ; ಬಡಿಸುವವರೂ ಅವರ ಜೊತೆಯಲ್ಲಿಯೇ ಬರುತ್ತಾರೆ.

ಸ್ವತಂತ್ರ ಪದ್ಧತಿಯನ್ನು ಆರಿಸಿಕೊಂಡವರು ಕೂಡ, ಬಡಿಸಿದಾತ ಹಿಡಿಸಿದನಾದರೆ, ನಾಳೆಯೂ ಅವನ ಮೇಜುಗಳ ಕಡೆಯೇ ಕೂರಿಸಿರೆಂದು ಕೇಳಬಹುದು; ಜಾಗವಿದ್ದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಗೊತ್ತಾದ ಮೇಜು ಒಗ್ಗದವರು ಮೊದಲ ದಿನವೇ ಮೇಲ್ವಿಚಾರಕನನ್ನು ಕಾಣಬೇಕು. ಮೂರನೆಯ ರಾತ್ರಿಯವರೆಗೆ ಸಂಕೋಚಪಟ್ಟರೆ ಖಾಲಿ ಕುರ್ಚಿಗಳು ಉಳಿದಿರುವುದಿಲ್ಲ.