ಮೂರು ಇನ್ನಿಂಗ್ಸ್ ನೋಡಿ ‘ಈ ಹುಡುಗ ಮುಗಿದ’ ಎನ್ನಬಹುದೇ? ಫಾರ್ವರ್ಡ್‌ಗಳ ಲೆಕ್ಕ ಎಲ್ಲಿ ತಪ್ಪುತ್ತದೆ

ಐಪಿಎಲ್ ಶುರುವಾದರೆ ಸಾಕು, ನಮ್ಮ ಗ್ರೂಪ್‌ಗಳಿಗೆ ಎರಡು ಬಗೆಯ ಫಾರ್ವರ್ಡ್‌ಗಳು ಬರುತ್ತವೆ. ಒಂದರಲ್ಲಿ ಇಪ್ಪತ್ತು ವರ್ಷದ ಹುಡುಗನ ಫೋಟೋ, ಕೆಳಗೆ ‘ಮುಂದಿನ ಕೊಹ್ಲಿ ಸಿಕ್ಕಿಬಿಟ್ಟ’ ಎಂಬ ಸಾಲು. ಹದಿನೈದು ದಿನ ಕಳೆಯುವಷ್ಟರಲ್ಲಿ ಅದೇ ಹುಡುಗನ ಫೋಟೋ ಮತ್ತೆ ಬರುತ್ತದೆ. ಈ ಸಲ ಕೆಳಗೆ ಅವನ ಕೊನೆಯ ನಾಲ್ಕೈದು ಸ್ಕೋರು, ಜೊತೆಗೆ ‘ಇವನಿಗೆ ಕೊಟ್ಟ ದುಡ್ಡು ದಂಡ’ ಎಂಬ ತೀರ್ಪು. ಎರಡರಲ್ಲೂ ಇರುವ ಅಂಕಿಗಳು ಸಾಮಾನ್ಯವಾಗಿ ಸುಳ್ಳಲ್ಲ. ಹಾಗಾಗಿಯೇ ಇವನ್ನು ಪರೀಕ್ಷಿಸುವುದು ಕಷ್ಟ. ಅಂಕಿ ಸರಿಯಿದ್ದು, ಅದರಿಂದ ತೆಗೆದ ತೀರ್ಮಾನ ತಪ್ಪಾಗಿರುವ ಸಂದೇಶಗಳು ಇವು.

ಇದು ಬರೀ ಹರಟೆಯ ವಿಷಯವಲ್ಲ. ಕೋಣನಕುಂಟೆ, ಅಂಜನಾಪುರ, ಜೆ.ಪಿ. ನಗರದ ಕಡೆ ಸಂಜೆ ಹೊತ್ತು ನೆಟ್‌ಗಳಲ್ಲಿ ಬ್ಯಾಟ್ ಹಿಡಿದು ನಿಂತ ಮಕ್ಕಳನ್ನೂ ಅವರ ಅಪ್ಪ–ಅಮ್ಮ ಇದೇ ಕಣ್ಣಿನಿಂದ ನೋಡುತ್ತಾರೆ. ಎರಡು ಮ್ಯಾಚ್‌ನಲ್ಲಿ ಬೇಗ ಔಟಾದ ಮಗನನ್ನು ಕ್ರಿಕೆಟ್ ಬಿಡಿಸುವುದೋ, ಒಂದು ಸೆಂಚುರಿ ಹೊಡೆದ ಮಗನಿಗೆ ಶಾಲೆ ಬಿಡಿಸುವುದೋ ಎಂಬ ನಿರ್ಧಾರಗಳು ಇಂಥ ಲೆಕ್ಕದ ಮೇಲೆಯೇ ನಡೆಯುತ್ತವೆ. ಆದ್ದರಿಂದ ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡೋಣ. ಅದಕ್ಕೆ ನಮ್ಮ ಕರ್ನಾಟಕದಲ್ಲೇ ಬೇಕಾದಷ್ಟು ಉದಾಹರಣೆಗಳಿವೆ.

ಏಳು ಇನ್ನಿಂಗ್ಸ್‌ಗಳ ಕತೆ

4, 13, ಅಜೇಯ 303, 26, 0, 23, 5. ಇವು ಕರುಣ್ ನಾಯರ್ ಅವರ ಮೊದಲ ಏಳು ಟೆಸ್ಟ್ ಇನ್ನಿಂಗ್ಸ್‌ಗಳು. 2016ರ ಡಿಸೆಂಬರ್ 19ರಂದು ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ಅವರು ತ್ರಿಶತಕ ಹೊಡೆದಾಗ ವಯಸ್ಸು 25. ವೀರೇಂದ್ರ ಸೆಹ್ವಾಗ್ ಬಿಟ್ಟರೆ ಭಾರತದ ಪರ ಟೆಸ್ಟ್‌ನಲ್ಲಿ 300 ದಾಟಿದ್ದವರು ಬೇರೆ ಯಾರೂ ಇರಲಿಲ್ಲ. ಆದರೆ ಅಜಿಂಕ್ಯ ರಹಾನೆ ಗಾಯದಿಂದ ಚೇತರಿಸಿಕೊಂಡು ಬಂದ ಕೂಡಲೇ, ಮುಂದಿನ ಟೆಸ್ಟ್‌ನಲ್ಲಿ ಅವರಿಗೆ ಹನ್ನೊಂದರಲ್ಲಿ ಜಾಗ ಸಿಗಲಿಲ್ಲ. ಆಸ್ಟ್ರೇಲಿಯಾ ವಿರುದ್ಧ ಮತ್ತೆ ನಾಲ್ಕು ಇನ್ನಿಂಗ್ಸ್ ಸಿಕ್ಕವು, 2017ರ ಮಾರ್ಚ್‌ಗೆ ಅದೂ ಮುಗಿಯಿತು. ಮುಂದಿನ ಟೆಸ್ಟ್ ಆಡಲು ಎಂಟು ವರ್ಷಕ್ಕೂ ಹೆಚ್ಚು ಕಾಯಬೇಕಾಯಿತು.

ಈಗ ಈ ಏಳು ಅಂಕಿಗಳಿಂದ ಎರಡು ಫಾರ್ವರ್ಡ್ ತಯಾರಿಸಬಹುದು. ಮೊದಲನೆಯದು: ‘62.33 ಸರಾಸರಿ ಇದ್ದವನನ್ನು ಹೊರಗಿಟ್ಟರು, ಇದು ಮೋಸ.’ ಎರಡನೆಯದು: ‘ಆ ಒಂದು ದಿನ ತೆಗೆದರೆ ಆರು ಇನ್ನಿಂಗ್ಸ್‌ನಲ್ಲಿ 71 ರನ್, ಸರಾಸರಿ 12 ಕೂಡ ಇಲ್ಲ, ಅದೃಷ್ಟದ ಆಟಗಾರ.’ ಎರಡೂ ಲೆಕ್ಕ ಸರಿ. ನಮ್ಮ ಅಭಿಪ್ರಾಯದಲ್ಲಿ ಎರಡೂ ವಾದ ಟೊಳ್ಳು. ಒಬ್ಬ ಬ್ಯಾಟ್ಸ್‌ಮನ್ ಎಷ್ಟು ಒಳ್ಳೆಯವನು ಎಂದು ಹೇಳಲು ಏಳು ಇನ್ನಿಂಗ್ಸ್ ಸಾಲುವುದೇ ಇಲ್ಲ. ಮೊದಲನೆಯವರು ಒಂದು ದಿನಕ್ಕೆ ಪೂರ್ತಿ ಬೆಲೆ ಕಟ್ಟಿದ್ದಾರೆ, ಎರಡನೆಯವರು ಅದೇ ದಿನವನ್ನು ಅಳಿಸಿಹಾಕಿದ್ದಾರೆ. ತಮಗೆ ಬೇಡವಾದ ಅಂಕಿಯನ್ನು ‘ಅದೊಂದು ಬಿಟ್ಟರೆ’ ಎಂದು ಪಕ್ಕಕ್ಕಿಡುವುದು ಇಂಥ ಸಂದೇಶಗಳ ಹಳೆಯ ಚಾಳಿ. ‘ಕೊನೆಯ ಐದು ಮ್ಯಾಚ್’ ಎಂದು ಎಲ್ಲಿಂದ ಎಣಿಸಲು ಶುರುಮಾಡಿದ್ದಾರೆ ಎಂಬುದನ್ನೂ ನೋಡಿ. ಆರನೇ ಮ್ಯಾಚ್‌ನಲ್ಲಿ ಅವನು ಸೆಂಚುರಿ ಹೊಡೆದಿದ್ದರೆ ಎಣಿಕೆ ಐದಕ್ಕೇ ನಿಂತಿರುತ್ತದೆ!

ಎಷ್ಟು ಇನ್ನಿಂಗ್ಸ್ ಸಾಕು?

ಬ್ಯಾಟಿಂಗ್ ಸ್ಕೋರುಗಳ ಸ್ವಭಾವವೇ ಏರುಪೇರು. ನಿಜವಾಗಿ 40ರ ಸಾಮರ್ಥ್ಯ ಇರುವವರು ಪ್ರತಿ ಸಲ 40 ಹೊಡೆಯುವುದಿಲ್ಲ. ಐದು, ಹನ್ನೆರಡು, ಸೊನ್ನೆ, ಮೂವತ್ತು, ಆಮೇಲೆ ಒಂದು ದಿನ ನೂರಿಪ್ಪತ್ತು, ಹೀಗೆ ಬರುತ್ತವೆ. ಸಣ್ಣ ಸ್ಕೋರು ಬಹಳ, ದೊಡ್ಡದು ಅಪರೂಪ. ಸ್ಕೋರುಗಳ ಏರುಪೇರು ಹೆಚ್ಚುಕಡಿಮೆ ಸರಾಸರಿಯಷ್ಟೇ ಇರುತ್ತದೆ ಎಂದು ಹಿಡಿದು ಒಂದು ಸರಳ ಲೆಕ್ಕ ಮಾಡೋಣ. ಸಾಮರ್ಥ್ಯ 40 ಎಂದೇ ಇರಲಿ, ಅದು ಒಂದಿಷ್ಟೂ ಬದಲಾಗದಿರಲಿ. ಹತ್ತು ಇನ್ನಿಂಗ್ಸ್‌ಗಳ ಒಂದು ಗುಂಪು ತೆಗೆದುಕೊಂಡರೆ, ಮೂರರಲ್ಲಿ ಸುಮಾರು ಎರಡು ಸಲ ಆ ಗುಂಪಿನ ಸರಾಸರಿ 27ರಿಂದ 53ರ ನಡುವೆ ಬರುತ್ತದೆ. ಉಳಿದ ಒಂದು ಸಲ ಅದರಾಚೆಗೆ. ಅಂದರೆ ಅದೇ ಆಟಗಾರ, ಅದೇ ಕೌಶಲ, ಆದರೂ ಒಂದು ಸೀಸನ್ ‘25ರ ಫ್ಲಾಪ್’, ಮುಂದಿನ ಸೀಸನ್ ‘55ರ ಸ್ಟಾರ್’ ಆಗಿ ಕಾಣಬಹುದು. ನೂರು ಇನ್ನಿಂಗ್ಸ್ ಆದರೆ ಮಾತ್ರ ಇದು 36–44ರಷ್ಟು ಕಿರಿದಾಗುತ್ತದೆ.

ನೂರು ಇನ್ನಿಂಗ್ಸ್ ಕಾಯಲು ಯಾವ ಆಯ್ಕೆಗಾರರಿಗೂ ಆಗುವುದಿಲ್ಲ, ಅದು ನಿಜ. ಹಾಗಾಗಿಯೇ ಅವರು ರಣಜಿ, ‘ಎ’ ತಂಡ, ಹತ್ತೊಂಬತ್ತರೊಳಗಿನವರ ಪಂದ್ಯಗಳನ್ನೂ ಸೇರಿಸಿ ನೋಡಬೇಕಾಗುತ್ತದೆ, ರನ್ ಜೊತೆಗೆ ಅದನ್ನು ಹೊಡೆದ ರೀತಿಯನ್ನೂ ನೋಡಬೇಕಾಗುತ್ತದೆ.

ಸರಾಸರಿ ಎಂಬ ಅಂಕಿಯಲ್ಲೇ ಇನ್ನೊಂದು ಬಲೆ ಇದೆ. 2024–25ರ ವಿಜಯ್ ಹಜಾರೆ ಟ್ರೋಫಿಯಲ್ಲಿ, ಆಗ ವಿದರ್ಭಕ್ಕೆ ಆಡುತ್ತಿದ್ದ ಕರುಣ್ ಅವರ ಸರಾಸರಿ 389.50. ನೋಡಿದರೆ ಮುದ್ರಣದೋಷ ಅನಿಸುತ್ತದೆ. ಅಲ್ಲ. ಎಂಟು ಇನ್ನಿಂಗ್ಸ್‌ನಲ್ಲಿ 779 ರನ್, ಐದು ಶತಕ, ಆದರೆ ಔಟಾಗಿದ್ದು ಎರಡೇ ಸಲ. ಸರಾಸರಿ ಎಂದರೆ ರನ್ನನ್ನು ಇನ್ನಿಂಗ್ಸ್‌ನಿಂದ ಭಾಗಿಸುವುದಲ್ಲ, ಔಟಾದ ಸಲಗಳಿಂದ ಭಾಗಿಸುವುದು. ಇನ್ನಿಂಗ್ಸ್ ಲೆಕ್ಕಕ್ಕೆ ತೆಗೆದುಕೊಂಡರೆ 97ರ ಆಸುಪಾಸು. ಅದೂ ಅದ್ಭುತವೇ, ಆದರೆ 389 ಎಂಬುದು ಅವರ ಸಾಮರ್ಥ್ಯದ ಅಳತೆಯಲ್ಲ. ಫೈನಲ್‌ನಲ್ಲಿ ಕರ್ನಾಟಕದ ವಿರುದ್ಧ ಅವರು 27ಕ್ಕೆ ಔಟಾದರು, ಕಪ್ ಕರ್ನಾಟಕಕ್ಕೆ ಬಂತು.

ಆ ಸೀಸನ್‌ನ ರಣಜಿಯಲ್ಲಿ 863 ರನ್ ಹೊಡೆದು ಅವರು 2025ರಲ್ಲಿ ಇಂಗ್ಲೆಂಡ್ ಪ್ರವಾಸಕ್ಕೆ ಮರಳಿದರು. ಅಲ್ಲಿನ ಎಂಟು ಇನ್ನಿಂಗ್ಸ್: 0, 20, 31, 26, 40, 14, 57, 17. ಒಟ್ಟು 205. ಮೊದಲಿನ ಏಳರ ಪಕ್ಕದಲ್ಲಿ ಇದನ್ನಿಟ್ಟು ನೋಡಿ. ಅಲ್ಲಿ ಒಂದು ಬೆಟ್ಟ, ಉಳಿದದ್ದು ಬಯಲು. ಇಲ್ಲಿ ಸೊನ್ನೆ ಒಂದೇ, ಬಹುತೇಕ ಪ್ರತಿ ಸಲ ಪಿಚ್‌ನಲ್ಲಿ ನೆಲೆಯೂರಿ ಆಮೇಲೆ ಔಟಾಗಿದ್ದಾರೆ. ‘ಚೆನ್ನಾಗಿ ಶುರುಮಾಡಿ ದೊಡ್ಡದು ಮಾಡಲಿಲ್ಲ’ ಎಂಬ ಟೀಕೆಗೆ ಇಲ್ಲಿ ಆಧಾರವಿದೆ, ‘ಆಡಲು ಬರುವುದಿಲ್ಲ’ ಎಂಬುದಕ್ಕೆ ಇಲ್ಲ. ಟೀಕೆ ಮಾಡಬಾರದು ಅಂತಲ್ಲ, ಯಾವ ಟೀಕೆಗೆ ಅಂಕಿ ಬೆಂಬಲ ಕೊಡುತ್ತದೆ ಎಂದು ನೋಡಿಕೊಳ್ಳಬೇಕು ಅಷ್ಟೆ.

‘ಬೈದರೆ ಸರಿಹೋಗ್ತಾನೆ’

ಇದೂ ಒಂದು ನಂಬಿಕೆ. ಕೋಚ್‌ಗಳಲ್ಲೂ ಇದೆ, ಅಪ್ಪಂದಿರಲ್ಲೂ ಇದೆ. ಕೆಟ್ಟದಾಗಿ ಆಡಿದ ದಿನ ಚೆನ್ನಾಗಿ ಬೈದೆವು, ಮುಂದಿನ ಮ್ಯಾಚ್‌ನಲ್ಲಿ ಆಡಿದ. ಚೆನ್ನಾಗಿ ಆಡಿದ ದಿನ ಹೊಗಳಿದೆವು, ಮುಂದಿನ ಮ್ಯಾಚ್‌ನಲ್ಲಿ ಸೊನ್ನೆ. ಹಾಗಾಗಿ ಬೈಗುಳ ಕೆಲಸ ಮಾಡುತ್ತದೆ, ಹೊಗಳಿಕೆ ಕೆಡಿಸುತ್ತದೆ!

ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನಮನ್ ಅವರಿಗೆ ಇದೇ ಮಾತನ್ನು ಇಸ್ರೇಲ್ ವಾಯುಪಡೆಯ ತರಬೇತುದಾರರೊಬ್ಬರು ಹೇಳಿದ್ದರು. ಕಾನಮನ್ ಕೊಟ್ಟ ಉತ್ತರ ಸರಳ. ತೀರಾ ಕೆಟ್ಟ ದಿನದ ನಂತರ ಬರುವ ದಿನ ಸಾಮಾನ್ಯವಾಗಿ ಅದಕ್ಕಿಂತ ಮೇಲಿರುತ್ತದೆ, ನೀವು ಬೈದರೂ, ಬೈಯದಿದ್ದರೂ. ತೀರಾ ಒಳ್ಳೆಯ ದಿನದ ನಂತರದ್ದು ಅದಕ್ಕಿಂತ ಕೆಳಗಿರುತ್ತದೆ, ಹೊಗಳಿದರೂ, ಹೊಗಳದಿದ್ದರೂ. ಅತಿರೇಕದ ನಂತರ ಮಾಮೂಲಿ ಮಟ್ಟಕ್ಕೆ ಮರಳುವ ಈ ಗುಣವನ್ನು ಸಂಖ್ಯಾಶಾಸ್ತ್ರದಲ್ಲಿ ‘ಸರಾಸರಿಯತ್ತ ಹಿಂಜರಿತ’ ಎನ್ನುತ್ತಾರೆ. 303ರ ನಂತರ ಯಾರೇ ಆಡಿದರೂ ಮುಂದಿನ ಸ್ಕೋರು ಕಡಿಮೆಯೇ ಆಗಬೇಕು. ಅದಕ್ಕೆ ‘ತಲೆಗೆ ಹತ್ತಿತು’ ಎಂಬ ಕಾರಣ ಹುಡುಕುವ ಅಗತ್ಯವೇ ಇಲ್ಲ.

ಬೆಳವಣಿಗೆ ಎಂದರೆ ರನ್ ಹೆಚ್ಚಾಗುವುದೇ?

ದೇವದತ್ತ ಪಡಿಕ್ಕಲ್ ಅವರ ಐಪಿಎಲ್ ಲೆಕ್ಕ ನೋಡಿ. 2020ರಲ್ಲಿ ಇಪ್ಪತ್ತರ ಹರೆಯದಲ್ಲಿ ಆರ್‌ಸಿಬಿಗೆ 473 ರನ್, ಉದಯೋನ್ಮುಖ ಆಟಗಾರ ಪ್ರಶಸ್ತಿ. 2021ರಲ್ಲಿ 411, ಅದರಲ್ಲೊಂದು ಅಜೇಯ ಶತಕ. 2022ರಲ್ಲಿ ರಾಜಸ್ಥಾನಕ್ಕೆ 376. 2023ರಲ್ಲಿ 261. 2024ರಲ್ಲಿ ಲಖನೌಗೆ ಏಳು ಪಂದ್ಯಗಳಲ್ಲಿ 38. ಪ್ರತಿ ವರ್ಷ ಇಳಿಯುವ ಈ ಸಾಲನ್ನು ಗ್ರಾಫ್ ಮಾಡಿ ಹಾಕಿದರೆ ‘ಪ್ರತಿಭೆ ಹಾಳಾದ ಬಗೆ’ ಎಂಬ ಫಾರ್ವರ್ಡ್ ರೆಡಿ.

ಆದರೆ ಆ 2024ರ ಜನವರಿಯಲ್ಲೇ ಹುಬ್ಬಳ್ಳಿಯಲ್ಲಿ ಪಂಜಾಬ್ ವಿರುದ್ಧದ ರಣಜಿ ಪಂದ್ಯದಲ್ಲಿ ಅವರು 193 ಹೊಡೆದಿದ್ದರು. ಮಾರ್ಚ್‌ನಲ್ಲಿ ಧರ್ಮಶಾಲಾದಲ್ಲಿ ಇಂಗ್ಲೆಂಡ್ ವಿರುದ್ಧ ಟೆಸ್ಟ್‌ಗೆ ಕಾಲಿಟ್ಟು 65 ಗಳಿಸಿದರು. ಅದೇ ತಿಂಗಳ ಕೊನೆಗೆ ಐಪಿಎಲ್ ಶುರುವಾಯಿತು. ಒಂದೇ ಮಾರ್ಚ್ ತಿಂಗಳಲ್ಲಿ ಒಬ್ಬನೇ ವ್ಯಕ್ತಿ ಟೆಸ್ಟ್‌ನಲ್ಲಿ ಅರ್ಧಶತಕ ಹೊಡೆದು, ಟಿ20ಯಲ್ಲಿ ಪರದಾಡಲು ಆರಂಭಿಸಿದರೆ, ಇಳಿದದ್ದು ‘ಪ್ರತಿಭೆ’ಯೋ, ಅಥವಾ ಆ ನಿರ್ದಿಷ್ಟ ಕೆಲಸಕ್ಕೆ ಇರುವ ಹೊಂದಾಣಿಕೆಯೋ? ರಾಜಸ್ಥಾನದಲ್ಲಿ ಜೋಸ್ ಬಟ್ಲರ್, ಯಶಸ್ವಿ ಜೈಸ್ವಾಲ್ ಇದ್ದದ್ದರಿಂದ ಆರಂಭಿಕ ಸ್ಥಾನ ಬಿಟ್ಟು ಕೆಳಗೆ ಆಡಬೇಕಾಯಿತು. ನಡುವೆ ಹೊಟ್ಟೆಯ ಕಾಯಿಲೆ ಕಾಡಿ ತೂಕ ಇಳಿದಿದ್ದನ್ನು ಅವರೇ ನಂತರ ಹೇಳಿಕೊಂಡಿದ್ದಾರೆ. ಗ್ರಾಫ್‌ನಲ್ಲಿ ಇವ್ಯಾವುವೂ ಕಾಣುವುದಿಲ್ಲ.

2025ರಲ್ಲಿ ಆರ್‌ಸಿಬಿಗೆ ಮರಳಿದಾಗ ಹತ್ತು ಪಂದ್ಯಗಳಲ್ಲಿ 247 ರನ್. 2020ರ 473ಕ್ಕೆ ಹೋಲಿಸಿದರೆ ಅರ್ಧ. ಸರಾಸರಿಯೂ 31ರಿಂದ 27ಕ್ಕೆ ಇಳಿದಿತ್ತು. ಆದರೆ ಸ್ಟ್ರೈಕ್‌ರೇಟ್ 124ರಿಂದ 150ಕ್ಕೆ ಏರಿತ್ತು. ಮೂರನೇ ಕ್ರಮಾಂಕದಲ್ಲಿ ಬಂದವರು ಮೊದಲ ಎಸೆತದಿಂದಲೇ ಬೀಸಬೇಕು ಎಂಬುದು ತಂಡ ಕೊಟ್ಟ ಕೆಲಸವಾಗಿದ್ದರೆ, ಆ ಕೆಲಸದಲ್ಲಿ ಅವರು ಬೆಳೆದಿದ್ದರು. ಇಲ್ಲೂ ಒಂದು ಎಚ್ಚರಿಕೆ ಬೇಕು. 2023ರಲ್ಲಿ ಇಂಪ್ಯಾಕ್ಟ್ ಪ್ಲೇಯರ್ ನಿಯಮ ಬಂದ ಮೇಲೆ ಐಪಿಎಲ್‌ನಲ್ಲಿ ಎಲ್ಲರ ರನ್‌ವೇಗವೂ ಏರಿದೆ. ಆದ್ದರಿಂದ 150 ಅನ್ನು 2020ರ ಲೀಗ್ ಜೊತೆ ಹೋಲಿಸದೆ 2025ರ ಉಳಿದ ಬ್ಯಾಟ್ಸ್‌ಮನ್‌ಗಳ ಜೊತೆ ಹೋಲಿಸಬೇಕು. ಹಾಗೆ ಹೋಲಿಸಿದರೆ ಹಾರಿಕೆ ಚಿಕ್ಕದಾಗುತ್ತದೆ. ಮಂಡಿರಜ್ಜು ಗಾಯದಿಂದ ಸೀಸನ್ ಅರ್ಧಕ್ಕೇ ನಿಂತದ್ದರಿಂದ ಒಟ್ಟು ರನ್ನಿನ ಹೋಲಿಕೆಗಂತೂ ಅರ್ಥವೇ ಇಲ್ಲ.

ಅಮೆರಿಕದಲ್ಲೂ ಇದೇ ಗದ್ದಲ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಎಂದರೆ ಚೆಂಡು ಹಿಡಿದು ಯಾರಿಗೆ ಎಸೆಯಬೇಕೆಂದು ಕ್ಷಣಾರ್ಧದಲ್ಲಿ ನಿರ್ಧರಿಸುವವ. ಗೆದ್ದರೆ ಹೆಸರು ಅವನಿಗೆ, ಸೋತರೆ ಬೈಗುಳವೂ ಅವನಿಗೆ. ಪೇಟನ್ ಮ್ಯಾನಿಂಗ್ 1998ರಲ್ಲಿ ತಮ್ಮ ಮೊದಲ ವರ್ಷ 28 ಸಲ ಚೆಂಡನ್ನು ಎದುರಾಳಿಗಳ ಕೈಗೆ ಎಸೆದರು, ಅದು ಹೊಸಬರಲ್ಲಿ ದಾಖಲೆ. ತಂಡ 3 ಗೆದ್ದು 13 ಸೋತಿತು. ಮರುವರ್ಷ ಅದೇ ತಂಡ 13 ಗೆದ್ದು 3 ಸೋತಿತು. ಮ್ಯಾನಿಂಗ್ ಮುಂದೆ ಆ ಆಟದ ದಿಗ್ಗಜರಾದರು.

ಬಫಲೊ ತಂಡದ ಜೋಶ್ ಆ್ಯಲನ್ ಅವರದ್ದು ಇನ್ನೂ ಸ್ವಾರಸ್ಯ. ಅವರು ಎಸೆದ ನೂರು ಪಾಸ್‌ಗಳಲ್ಲಿ ಗುರಿ ಮುಟ್ಟಿದ್ದು 2018ರಲ್ಲಿ ಸುಮಾರು 53. ‘ಕೈಯಲ್ಲಿ ಶಕ್ತಿಯಿದೆ, ಗುರಿಯಿಲ್ಲ’ ಎಂಬುದು ಆಗಿನ ಮಾತು. 2019ರಲ್ಲಿ 59, 2020ರಲ್ಲಿ 69. ತಪ್ಪು ತಿದ್ದಿಕೊಂಡದ್ದು ಹೌದು. ಆದರೆ 2020ರಲ್ಲೇ ಸ್ಟೆಫಾನ್ ಡಿಗ್ಸ್ ಎಂಬ ಒಳ್ಳೆಯ ರಿಸೀವರ್ ತಂಡಕ್ಕೆ ಬಂದಿದ್ದರು ಎಂಬುದನ್ನೂ ಸೇರಿಸಿ ಹೇಳಬೇಕು. ಚೆಂಡು ಚೆನ್ನಾಗಿ ಎಸೆದದ್ದೆಷ್ಟು, ಹಿಡಿದವರು ಚೆನ್ನಾಗಿ ಹಿಡಿದದ್ದೆಷ್ಟು ಎಂದು ಬೇರ್ಪಡಿಸುವುದು ಅಲ್ಲಿನ ತಜ್ಞರಿಗೂ ತಲೆನೋವು. 2024ರ ಸೀಸನ್‌ನಲ್ಲಿ ಆ್ಯಲನ್ ಲೀಗ್‌ನ ಅತ್ಯಮೂಲ್ಯ ಆಟಗಾರ ಎನಿಸಿದರು.

ಇಂಥ ಕತೆ ಓದಿದ ಕೂಡಲೇ ಮೂರನೇ ಬಗೆಯ ಫಾರ್ವರ್ಡ್ ಹುಟ್ಟುತ್ತದೆ: ‘ಮೊದಲು ಸೋತವರೇ ಕೊನೆಗೆ ಗೆಲ್ಲುವುದು.’ ಇದೂ ತಪ್ಪು. ಮೊದಲ ವರ್ಷ ಎಡವಿ ಮತ್ತೆಂದೂ ಮೇಲೇಳದ ಆಟಗಾರರು ಎಷ್ಟೋ ಪಟ್ಟು ಹೆಚ್ಚು. ಅವರ ಫೋಟೋ ಹಾಕಿ ಯಾರೂ ಸ್ಫೂರ್ತಿಯ ಸಂದೇಶ ಕಳಿಸುವುದಿಲ್ಲ, ಹಾಗಾಗಿ ನಮಗೆ ಕಾಣುವುದಿಲ್ಲ.

ಮಕ್ಕಳ ವಿಷಯಕ್ಕೆ ಬಂದರೆ

ಇಲ್ಲಿ ಇನ್ನೊಂದು ವಿಷಯ ಸೇರಿಕೊಳ್ಳುತ್ತದೆ, ಹುಟ್ಟಿದ ತಿಂಗಳು. ವಯೋಮಿತಿಯ ಕ್ರಿಕೆಟ್‌ಗೆ ನಮ್ಮಲ್ಲಿ ಸೆಪ್ಟೆಂಬರ್ 1 ಗಡಿ ದಿನಾಂಕ. ಒಂದೇ ಗುಂಪಿನಲ್ಲಿ ಸೆಪ್ಟೆಂಬರ್‌ನಲ್ಲಿ ಹುಟ್ಟಿದ ಹುಡುಗ, ಮರುವರ್ಷದ ಆಗಸ್ಟ್‌ನಲ್ಲಿ ಹುಟ್ಟಿದ ಹುಡುಗನಿಗಿಂತ ಹೆಚ್ಚುಕಡಿಮೆ ಒಂದು ವರ್ಷ ದೊಡ್ಡವನು. ಹದಿಮೂರು, ಹದಿನಾಲ್ಕರಲ್ಲಿ ಒಂದು ವರ್ಷ ಎಂದರೆ ಎತ್ತರ, ತೋಳಿನ ಬಲ ಎಲ್ಲದರಲ್ಲೂ ದೊಡ್ಡ ಅಂತರ. ಕೆನಡಾದ ಐಸ್ ಹಾಕಿಯಲ್ಲಿ ಗಡಿ ದಿನಾಂಕದ ಬೆನ್ನಲ್ಲೇ ಹುಟ್ಟಿದ ಮಕ್ಕಳೇ ಹೆಚ್ಚಾಗಿ ಆಯ್ಕೆಯಾಗುವುದನ್ನು ಸಂಶೋಧಕರು 1980ರ ದಶಕದಲ್ಲೇ ಗುರುತಿಸಿದ್ದರು. ದೊಡ್ಡವನಾದ್ದರಿಂದ ಆಯ್ಕೆ, ಆಯ್ಕೆಯಾದ್ದರಿಂದ ಒಳ್ಳೆಯ ಕೋಚಿಂಗ್, ಕೋಚಿಂಗ್‌ನಿಂದ ನಿಜವಾಗಿಯೂ ಚೆನ್ನಾಗಿ ಆಡುವುದು. ಆಗಸ್ಟ್‌ನ ಹುಡುಗ ‘ಪ್ರತಿಭೆ ಸಾಲದು’ ಎಂದು ಮನೆಗೆ ಬರುತ್ತಾನೆ.

ನಿಮ್ಮ ಮನೆಯಲ್ಲಿ ಆಡುವ ಮಗುವಿದ್ದರೆ ರನ್ನಿನ ಪಕ್ಕದಲ್ಲಿ ಇನ್ನೂ ಕೆಲವನ್ನು ಬರೆದಿಡಿ: ಎಷ್ಟು ಎಸೆತ ಎದುರಿಸಿದಳು, ಮ್ಯಾಟೋ ಟರ್ಫೋ, ಎದುರಾಳಿ ಬೌಲರ್‌ಗಳು ಯಾವ ವಯಸ್ಸಿನವರು, ಹೇಗೆ ಔಟಾದಳು. ಇದರಲ್ಲಿ ಕೊನೆಯದು ಬಹಳ ಉಪಯುಕ್ತ. ಆರು ತಿಂಗಳ ಹಿಂದೆ ಆಫ್‌ಸ್ಟಂಪ್ ಆಚೆಯ ಚೆಂಡಿಗೆ ಬ್ಯಾಟ್ ತಾಗಿಸಿ ಔಟಾಗುತ್ತಿದ್ದವಳು ಈಗ ಅದನ್ನು ಬಿಟ್ಟು, ಸ್ಪಿನ್ನರ್‌ಗೆ ಮುನ್ನುಗ್ಗಿ ಸ್ಟಂಪ್ ಆಗುತ್ತಿದ್ದರೆ, ಸ್ಕೋರು ಎರಡು ಕಾಲದಲ್ಲೂ ಹದಿನೈದೇ ಇರಬಹುದು. ಆದರೆ ಒಂದು ಪಾಠ ಮುಗಿದು ಇನ್ನೊಂದು ಶುರುವಾಗಿದೆ. ಮುಂದಿನ ತಿಂಗಳು ನೆಟ್‌ನಲ್ಲಿ ಏನು ಅಭ್ಯಾಸ ಮಾಡಿಸಬೇಕು ಎಂಬುದು ಕೋಚ್‌ಗೆ ಆ ಪುಟದಿಂದಲೇ ಗೊತ್ತಾಗುತ್ತದೆ.