ಕಾಡತೂಸಿನ ಗುರುತು ಓದುವ ಪದವಿ

2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿ ಅವರನ್ನು ಮನೆಬಾಗಿಲಲ್ಲೇ ಗುಂಡಿಕ್ಕಿ ಕೊಂದರು. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಹತ್ಯೆಯಾಯಿತು. ಎರಡೂ ಕಡೆ ಬಳಕೆಯಾದದ್ದು ಒಂದೇ 7.65 ಎಂ.ಎಂ. ನಾಡ ಪಿಸ್ತೂಲು ಎಂದು ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಹೇಳಿತು.

ಇದು ಗೊತ್ತಾಗುವುದು ಹೇಗೆ? ಟ್ರಿಗರ್ ಒತ್ತಿದಾಗ ಫೈರಿಂಗ್ ಪಿನ್ ಕಾಡತೂಸಿನ ತಳಕ್ಕೆ ಬಡಿದು ಪುಟ್ಟ ಕುಳಿ ಬೀಳುತ್ತದೆ. ಪಿನ್ನಿನ ತುದಿಯ ಒರಟುತನವೆಲ್ಲ ಆ ಕುಳಿಯಲ್ಲಿ ಮೂಡುತ್ತದೆ. ಎರಡು ಖಾಲಿ ಕಾಡತೂಸುಗಳನ್ನು ಕಂಪ್ಯಾರಿಸನ್ ಮೈಕ್ರೋಸ್ಕೋಪಿನಲ್ಲಿ ಅಕ್ಕಪಕ್ಕ ಇಟ್ಟು, ಒಂದರ ಗೆರೆಗಳು ಇನ್ನೊಂದರ ಗೆರೆಗಳಿಗೆ ಕೂಡುತ್ತವೆಯೇ ಎಂದು ತಿರುಗಿಸಿ ತಿರುಗಿಸಿ ನೋಡುತ್ತಾರೆ. ಧಾರಾವಾಹಿಗಳಲ್ಲಿ ಕ್ಷಣದಲ್ಲಿ ಮುಗಿಯುವ ಈ ಕೆಲಸಕ್ಕೆ ನಿಜಕ್ಕೂ ಬೇಕಾದದ್ದು ಪಳಗಿದ ಕಣ್ಣು ಮತ್ತು ಅಪಾರ ತಾಳ್ಮೆ.

ಈ ವಿದ್ಯೆಗೆಂದೇ ಗುಜರಾತ್ ಸರ್ಕಾರ ಗಾಂಧಿನಗರದಲ್ಲಿ ಕಟ್ಟಿದ ವಿಶ್ವವಿದ್ಯಾಲಯ 2020ರಲ್ಲಿ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯವಾಯಿತು. ಅದರ ಧಾರವಾಡ ಕ್ಯಾಂಪಸ್ಸಿಗೆ 2023ರ ಜನವರಿಯಲ್ಲಿ ಶಂಕುಸ್ಥಾಪನೆ ನಡೆಯಿತು. ಪಿಯುಸಿಯಲ್ಲಿ ವಿಜ್ಞಾನ ಓದಿದವರು ಬಿಎಸ್ಸಿಗೆ ಸೇರಬಹುದು. ರಸಾಯನಶಾಸ್ತ್ರ, ಜೀವಶಾಸ್ತ್ರದಂಥ ವಿಷಯಗಳಲ್ಲಿ ಪದವಿ ಪಡೆದು ಎಂಎಸ್ಸಿಗೆ ಬರುವವರೂ ಇದ್ದಾರೆ. ಒಂದು ಗೊಂದಲ ಮಾತ್ರ ಮೊದಲೇ ಬಗೆಹರಿಯಬೇಕು: ಮರಣೋತ್ತರ ಪರೀಕ್ಷೆ ಮಾಡುವವರು ವೈದ್ಯರು. ಅದಕ್ಕೆ ಎಂಬಿಬಿಎಸ್ ದಾರಿಯೇ ಬೇರೆ.

ತರಗತಿಯಲ್ಲಿ ಡಿಎನ್‌ಎ, ವಿಷ, ಬೆರಳಚ್ಚು, ಕೈಬರಹ, ಮೊಬೈಲ್ ದತ್ತಾಂಶ ಎಲ್ಲವೂ ಇವೆ. ಆದರೆ ಪ್ರಕರಣ ಗೆಲ್ಲುವುದು, ಸೋಲುವುದು ಎಷ್ಟೋ ಸಲ ಸಣ್ಣ ಕೆಲಸಗಳಲ್ಲಿ. ರಕ್ತ ಅಂಟಿದ ಬಟ್ಟೆಯನ್ನು ನೆರಳಲ್ಲಿ ಒಣಗಿಸಿ ಕಾಗದದ ಲಕೋಟೆಗೆ ಹಾಕಬೇಕು. ಹಸಿಯಾಗಿಯೇ ಪ್ಲಾಸ್ಟಿಕ್ ಚೀಲಕ್ಕೆ ತುರುಕಿದರೆ ಬೂಷ್ಟು ಹಿಡಿದು ಡಿಎನ್‌ಎ ಕೆಡುತ್ತದೆ. ಅರಗಿನ ಮುದ್ರೆ ಒಡೆದಿದ್ದರೆ, ಮಹಜರಿನ ವಿವರ ಲಕೋಟೆಯ ಚೀಟಿಗೆ ತಾಳೆಯಾಗದಿದ್ದರೆ ಪಾಟೀಸವಾಲಿನಲ್ಲಿ ವಕೀಲರು ಬಿಡುವುದಿಲ್ಲ.

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಉದ್ಯೋಗದ ಲೆಕ್ಕವನ್ನೇ ಬದಲಿಸಿದೆ. ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧ ನಡೆದಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಲೇಬೇಕೆಂಬ ನಿಯಮ ಅದರಲ್ಲಿದೆ. ವ್ಯವಸ್ಥೆ ಮಾಡಿಕೊಳ್ಳಲು ರಾಜ್ಯಗಳಿಗೆ ಐದು ವರ್ಷ ಗಡುವು. ಕರ್ನಾಟಕ ಇದಕ್ಕೂ ಮೊದಲೇ 'ಸೀನ್ ಆಫ್ ಕ್ರೈಮ್ ಆಫೀಸರ್' ಹುದ್ದೆಗಳನ್ನು ಸೃಷ್ಟಿಸಿತ್ತು. ಬೆಂಗಳೂರಿನ ಮಡಿವಾಳದ ಪ್ರಯೋಗಾಲಯ, ಮೈಸೂರು, ಬೆಳಗಾವಿ, ಕಲಬುರಗಿಯಂಥ ಪ್ರಾದೇಶಿಕ ಕೇಂದ್ರಗಳು ಸರ್ಕಾರಿ ನೌಕರಿಯ ಮುಖ್ಯ ನೆಲೆ. ಬ್ಯಾಂಕು, ವಿಮಾ ಕಂಪನಿ, ಐಟಿ ಸಂಸ್ಥೆಗಳು ವಂಚನೆ ಪತ್ತೆಗೆ ಡಿಜಿಟಲ್ ಫೊರೆನ್ಸಿಕ್ ಕಲಿತವರನ್ನು ಹುಡುಕುತ್ತವೆ. ಪಾಠ ಮಾಡುವ ಆಸೆಯಿದ್ದರೆ ಯುಜಿಸಿ-ನೆಟ್‌ನಲ್ಲಿ ಈ ವಿಷಯವೂ ಇದೆ.

ವರದಿಗಾಗಿ ತಿಂಗಳುಗಟ್ಟಲೆ ಕಾಯುವ ಸಂತ್ರಸ್ತರನ್ನು ನೆನೆದರೆ, ಪದವೀಧರರು ಕೈಗೆ ಸಿಗುವಾಗ ಪ್ರಯೋಗಾಲಯದ ಹುದ್ದೆಗಳನ್ನು ಖಾಲಿ ಬಿಡುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಗಡುವಿನ ಐದು ವರ್ಷಗಳು ಆಗಲೇ ಓಡತೊಡಗಿವೆ.